ಸೀರೆಯ ಮೇಲಿನ ಕಾಶಿಬಾಯಿ

ಆಳಂದದ ಬಸ್ ನಿಲ್ದಾಣದ ಹಿಂದೆ, ತೊಗರಿ ದಲಾಲಿಯ ಅಡತಿ ಅಂಗಡಿಗಳ ಸಾಲು ಮುಗಿಯುವಲ್ಲಿ ದತ್ತಪ್ಪನ ಮನೆ. ಒಂದು ಪಡಸಾಲೆ, ಒಂದು ಅಡುಗೆ ಕೋಣೆ, ಮೇಲೆ ತಗಡು. ಆ ಮನೆಯಲ್ಲಿ ಉಣ್ಣುವವರು ಐದು ಮಂದಿ: ದತ್ತಪ್ಪ, ಅವನ ಹೆಂಡತಿ ಸಾಬವ್ವ, ಮಗ ಧರ್ಮಣ್ಣ, ಸೊಸೆ ದ್ರೌಪದಿ, ಮೊಮ್ಮಗಳು ಪ್ರಮಿಲಾ. ಉಣ್ಣದೆ ಇದ್ದವಳು ಇನ್ನೊಬ್ಬಳು. ದ್ರೌಪದಿಯ ತಾಯಿ ಕಾಶಿಬಾಯಿ. ಸತ್ತು ಮೂವತ್ತು ವರ್ಷವಾಗಿತ್ತು. ಅಡುಗೆ ಕೋಣೆಯ ಗೋಡೆಯ ಮೇಲೆ ಪಟವಾಗಿ ಇದ್ದಳು. ದ್ರೌಪದಿ ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಅವಳ ಹಣೆಗೆ ಒಂದು ಬೊಟ್ಟು ಕುಂಕುಮ ಹಚ್ಚುತ್ತಿದ್ದಳು.

ದತ್ತಪ್ಪ ಸತ್ತವರ ಚಿತ್ರ ಬರೆಯುವವನು. ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ ಹೋದ ಬಡವರು ಆ ಕಾಲಕ್ಕೆ ಬಹಳ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕುಗಳಿಂದ ಅವನಿಗೆ ಕರೆ ಬರುತ್ತಿತ್ತು. ಸತ್ತವನ ಮುಖವನ್ನು ಅವನು ಕಂಡಿರುತ್ತಿರಲಿಲ್ಲ. ಹೋದವನೇ ಮಕ್ಕಳನ್ನು ಸಾಲಾಗಿ ಕೂಡಿಸಿ, ಮೂಗು ಯಾರಿಗೆ ಬಂದದ, ಗದ್ದ ಯಾರಿಗೆ ಬಂದದ ಎಂದು ಮನೆಯವರನ್ನು ಕೇಳುತ್ತಿದ್ದ. ಹಿರಿಯ ಮಗನಿಂದ ಮೂಗು, ಕಿರಿಯ ಮಗಳಿಂದ ತುಟಿ, ಹೀಗೆ ತೆಗೆದು ತೆಗೆದು ಕೂಡಿಸುತ್ತಿದ್ದ. ದೇವರು ಹಂಚಿಹಾಕಿದ್ದನ್ನು ಇವನು ತಿರುಗಿ ಒಟ್ಟು ಮಾಡುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಬದುಕಿದ್ದವರ ಚಿತ್ರವನ್ನು ಮಾತ್ರ ಅವನು ಬರೆಯುತ್ತಿರಲಿಲ್ಲ. ಹಾಗೆ ಬರೆಯಕೂಡದೆಂದು ಚಿತ್ರ ಕಲಿಸಿದವನು ಆಣೆ ಮಾಡಿಸಿದ್ದ. ಪಟದ ಕೆಳಗೆ ಸತ್ತವರ ಹೆಸರು ಬರೆಯುವನೇ ಹೊರತು ತನ್ನ ಹೆಸರು ಬರೆದವನಲ್ಲ.

ಈಗ ಎರಡೂ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷ. ಕುಂಚ ಮುಟ್ಟಿರಲಿಲ್ಲ. ಊರಿಗೆ ಬಂದ ಕ್ಯಾಂಪಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ಬರೇ ಪೊರೆ ಅಲ್ಲ, ಒಳಗ ಒತ್ತಡಾನೂ ಅದ. ಇಲ್ಲಿ ಆಗೂದಿಲ್ಲ, ಸೊಲ್ಲಾಪುರಕ್ಕ ಒಯ್ಯಿರಿ. ಈ ವರ್ಷ ಬಿಟ್ರ ಮುಂದ ದೇವರೇ ಗತಿ" ಎಂದಿದ್ದರು. ಮೂರೂವರೆ ಸಾವಿರ ಬೇಕಿತ್ತು. ಧರ್ಮಣ್ಣ ಅಡತಿಯಲ್ಲಿ ತೊಗರಿ ತೂಗುವ ಕೂಲಿಯವನು. ಸೊಲ್ಲಾಪುರದ ಮಾತು ಆ ಮನೆಯಲ್ಲಿ ಊಟದ ಹೊತ್ತಿಗೆ ಏಳುತ್ತಿತ್ತು, ಕೈತೊಳೆಯುವ ಹೊತ್ತಿಗೆ ಮಲಗುತ್ತಿತ್ತು.

ಅಂಥಾದ್ದರಲ್ಲಿ ಎಂಬತ್ತಾರನೇ ಇಸವಿಯ ಮಾಘಮಾಸದಲ್ಲಿ ಪುಣೆಯಿಂದ ಸುಲಭಾ ಎನ್ನುವ ಹೆಣ್ಣುಮಗಳು ತಾಯಿಯನ್ನು ಕರೆದುಕೊಂಡು ಕಾರಿನಲ್ಲಿ ಜಿಡಗಾ ಮಠಕ್ಕೆ ಹೊರಟವಳು, ಬಸ್ ನಿಲ್ದಾಣದ ಹಣಮಂತರಾಯನ ಅಂಗಡಿಯಲ್ಲಿ ಚಹಾಕ್ಕೆ ಇಳಿದಳು. ಒಲೆಯ ಮೇಲುಗಡೆ ಹಣಮಂತರಾಯನ ಅಜ್ಜನ ಪಟ ಹೊಗೆ ಕುಡಿಯುತ್ತ ತೂಗುತ್ತಿತ್ತು. ಆಕೆ ಚಹಾ ಆರುವತನಕ ಅದನ್ನೇ ನೋಡಿ, ಇನ್ನೂರು ರೂಪಾಯಿ ಕೊಟ್ಟು ಅಜ್ಜನನ್ನು ಇಳಿಸಿಕೊಂಡು ಹೋದಳು. ಪುಣೆಯಲ್ಲಿ ಆಕೆಯದು ಚಿತ್ರ ಮಾರುವ ಅಂಗಡಿ. ಹದಿನೈದು ದಿನಕ್ಕೆ ತಿರುಗಿ ಬಂದು, ಬರೆದವರ ಮನೆ ಯಾವುದೆಂದು ಕೇಳುತ್ತ ದತ್ತಪ್ಪನ ಬಾಗಿಲಿಗೆ ನಿಂತಳು. ತಾಯಿ ಕಲಬುರ್ಗಿಯವಳಾದ್ದರಿಂದ ಕನ್ನಡ ಬರುತ್ತಿತ್ತು.

"ಅಜ್ಜಾರ, ನಿಮ್ಮ ಕೈಯಿನ ಚಿತ್ರ ಇನ್ನೂ ಎಲ್ಲೆಲ್ಲಿ ಅವ? ನನಗ ಒಳ್ಳೇವು ಬೇಕು, ಹಳೇವು ಬೇಕು" ಎಂದಳು.

"ಸತ್ತವರ ಮನ್ಯಾಗ ಅವ್ರಿ" ಎಂದ ದತ್ತಪ್ಪ. ಮತ್ತೆ ಹದಿನೈದು ದಿನಕ್ಕೆ ಬರುತ್ತೇನೆಂದು ಹೇಳಿ ಆಕೆ ಹೋದಳು.

ಮಗ ಧರ್ಮಣ್ಣ ಆ ರಾತ್ರಿ ಮಲಗಲಿಲ್ಲ. ಎರಡು ಭಾನುವಾರ ಬಾಡಿಗೆ ಸೈಕಲ್ ತುಳಿದು, ಹಳ್ಳಿ ಹಳ್ಳಿ ತಿರುಗಿ, ಸುಲಭಾ ಬರುವ ದಿನಕ್ಕೆ ಇಪ್ಪತ್ತಮೂರು ಪಟಗಳನ್ನು ತೊಗರಿ ಚೀಲದಲ್ಲಿ ತುಂಬಿಕೊಂಡು ಬಂದ.

"ಏನ್ ತಂದೀಯೋ ಇದು?" ಎಂದಳು ಸಾಬವ್ವ.

"ಮಂದಿ ಅಜ್ಜಂದಿರು."

"ಮಾರಿದ ರೊಕ್ಕದಾಗ ಅರ್ಧಾ ಕೊಡ್ತೇನಿ ಅಂದಿರಬೇಕು. ಒಬ್ರರೇ ಬ್ಯಾಡ ಅಂದ್ರೇನು?"

"ಒಬ್ಬಾಕಿ ಅಂದ್ಲು. ಅಕೀ ಗಂಡ ಬಾಯಿ ಮುಚ್ಚಿಸಿದ."

ಸುಲಭಾ ಬಂದಳು. ಚಾಪೆಯ ಮೇಲೆ ಸಾಲಾಗಿ ಇಟ್ಟ ಇಪ್ಪತ್ತಮೂರು ಮುಖಗಳನ್ನು ಕಂಡು ಆಕೆಯ ಮುಖ ಇಳಿಯಿತು.

"ಇಷ್ಟ್ಯಾಕ ತಂದ್ರಿ?"

"ಜಾಸ್ತಿ ಇದ್ರ ನಿಮಗ ಚಲೋ ಅಲ್ಲೇನ್ರಿ ಬಾಯಾರ?"

"ನೀವು ತೊಗರಿ ತೂಗವರು. ಮಾಲು ಬಹಳ ಬಂದ ದಿನ ದರ ಏನಾಗ್ತದ?"

"ಬೀಳ್ತದ್ರಿ" ಎಂದ ಧರ್ಮಣ್ಣ ಮೆಲ್ಲಗೆ.

"ಇದೂ ಹಾಂಗೇ. ಆದ್ರ ತೊಗರಿ ಒಂದು ಮುಷ್ಟಿ ನೋಡಿದ್ರ ಚೀಲ ನೋಡಿದಂಗ. ಇಲ್ಲಿ ಒಂದರ ಹಂಗ ಇನ್ನೊಂದು ಇರಬಾರದು. ಇದ್ರ ಎರಡರ ಬೆಲೇನೂ ಹೋತು." ಆಕೆ ಮೊಣಕಾಲೂರಿ ಒಂದೊಂದನ್ನೂ ಎತ್ತಿ ನೋಡಿದಳು. ಒಂದರ ಬಣ್ಣ ಉದುರಿತ್ತು. ಒಂದಕ್ಕೆ ಯಾರೋ ಎಣ್ಣೆಬಣ್ಣ ಬಳಿದು ಮೀಸೆ ದಪ್ಪ ಮಾಡಿದ್ದರು. ಎರಡನ್ನು ಆರಿಸಿದಳು. "ಬರದವರ ಸಹಿ ಇಲ್ಲ. ಹಿಂದ ಹೆಸರು ಹಾಕಿ ಕೊಡ್ರಿ ಅಜ್ಜಾರ."

"ಸತ್ತವರ ಬೆನ್ನ ಮ್ಯಾಲೆ ನಂದೇನ್ರಿ ಹೆಸರು" ಎಂದು ದತ್ತಪ್ಪ ಕೈ ಮುಗಿದ. ಅದಕ್ಕೂ ಬೆಲೆ ಸ್ವಲ್ಪ ಇಳಿಯಿತು.

ಉಳಿದ ಇಪ್ಪತ್ತೊಂದನ್ನು ಧರ್ಮಣ್ಣ ತಿರುಗಿ ಹೊತ್ತುಕೊಂಡು ಹೋಗಬೇಕಾಯಿತು. ಪಟದ ಕೆಳಗಿನ ಹೆಸರು ಓದಲು ಬಾರದವನು; ಮೂರು ಕಡೆ ಇವರ ಅಜ್ಜನನ್ನು ಅವರಿಗೆ ಕೊಟ್ಟು ಬೈಸಿಕೊಂಡು ಬಂದ. ಒಂದು ಮನೆಯಲ್ಲಂತೂ ಎಂಟು ದಿನ ಪಕ್ಕದೂರಿನವನಿಗೆ ಹೂವು ಏರಿತ್ತಂತೆ.

ಪಟ ಆರಿಸಿದ ದಿನ ಹೊರಡುವ ಮೊದಲು ಸುಲಭಾ ನೀರು ಬೇಕೆಂದು ಅಡುಗೆ ಕೋಣೆಗೆ ಹೋದಳು. ದ್ರೌಪದಿ ರೊಟ್ಟಿ ಬಡಿಯುತ್ತಿದ್ದಳು. ಕೊಡದಿಂದ ನೀರು ತುಂಬಿ ಕೊಟ್ಟು ತಲೆ ಎತ್ತಿದರೆ, ಆಕೆ ತಂಬಿಗೆ ಹಿಡಿದು ಗೋಡೆ ನೋಡುತ್ತ ನಿಂತಿದ್ದಾಳೆ.

"ಇದು?"

"ನಮ್ಮವ್ವರಿ."

"ಬಟ್ಟಿ ಮ್ಯಾಲೆ ಬರದಾರಲ್ಲ! ಉಳದಿದ್ದೆಲ್ಲಾ ರಟ್ಟು, ಹಲಗಿ. ಇದಕ್ಕ ಆರ್ನೂರು ಕೊಡ್ತೇನಿ."

"ಅದು ಕೊಡೂದಲ್ಲರಿ."

"ಯಾಕ?"

ಯಾಕೆಂದು ಹೇಳಿದರೆ ತಿಳಿದುಕೊಂಡು ಬಿಟ್ಟು ಹೋಗುತ್ತಾಳೆ ಎಂದುಕೊಂಡಳು ದ್ರೌಪದಿ. ಹಿಟ್ಟಿನ ಕೈಯಲ್ಲೇ ಹೇಳಿದಳು. ಮಣ್ಣೂರಿನಲ್ಲಿ ಭೀಮಾ ನದಿ ಏರಿದ ವರ್ಷ ಅವ್ವ ಸತ್ತಳು. ತನಗೆ ಎರಡು ವರ್ಷ, ಏನೂ ನೆನಪಿಲ್ಲ. ಚಿತ್ರ ಬರೆಯಲು ಬಂದ ಮಾವನಿಗೆ ಹೊಳೆ ಏರಿ ಹಲಗೆ ಸಿಗಲಿಲ್ಲ. ಆಗ ಅವ್ವನ ಸೀರೆಯನ್ನೇ ಹರಿದು ಬಾಗಿಲ ಚೌಕಟ್ಟಿಗೆ ಬಿಗಿದು ಅದರ ಮೇಲೆ ಬರೆದ. ಬೇರೆ ಮಕ್ಕಳಿರಲಿಲ್ಲ, ಸೋದರತ್ತೆಯ ತೊಡೆಯ ಮೇಲೆ ತನ್ನನ್ನು ಕೂಡಿಸಿಕೊಂಡು, ತನ್ನ ಮುಖದಿಂದಲೇ ಅವ್ವನ ಕಣ್ಣು, ಮೂಗು, ತುಟಿ ಎಲ್ಲ ತೆಗೆದ. ಹದಿನೈದು ವರ್ಷದ ಮೇಲೆ ಅದೇ ಮಾವ, ಆ ಕಣ್ಣಿನ ಕೂಸು ಎಲ್ಲಿ ಎಂದು ಹುಡುಕಿಕೊಂಡು ಬಂದು ಮಗನಿಗೆ ತಂದುಕೊಂಡ. ತವರಿನಿಂದ ಬಂದದ್ದು ಅದೊಂದೇ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ಹೇಳಿ ಮುಗಿಸುವಾಗ ಸುಲಭಾ ಚೀಲದಿಂದ ವಹಿ ತೆಗೆದು ಬರೆದುಕೊಳ್ಳುತ್ತಿದ್ದಳು. ಯಾವ ಇಸವಿ, ಯಾವ ಬಣ್ಣದ ಸೀರೆ, ಎಲ್ಲ ಕೇಳಿದಳು. ಬರೆದು ಮುಗಿಸಿ ಪೆನ್ನಿನ ಟೊಪ್ಪಿಗೆ ಹಾಕಿ, "ಎರಡು ಸಾವಿರ ಕೊಡ್ತೇನಿ ತಾಯಿ" ಎಂದಳು.

"ಕೊಡೂದಿಲ್ಲಂತ ಹೇಳಾಕತ್ತೇನಿ, ನೀವು ಏರ್ಸಾಕತ್ತೀರಿ?"

"ನೀವು ಹೇಳಿದ್ದಕ್ಕೇ ಏರೇದ" ಎಂದು ಸುಲಭಾ ತಪ್ಪು ಮಾಡಿದವಳ ದನಿಯಲ್ಲಿ ಅಂದಳು. "ಸುಳ್ಳು ಹೇಳೂದಿಲ್ಲ. ಇಂಥಾದ್ದು ಇನ್ನೊಂದಿಲ್ಲ. ಎಲ್ಲಿಂದ ಬಂತು, ಯಾರ ಕೈಯಾಗಿತ್ತು ಅನ್ನೂದು ಪೂರಾ ಗೊತ್ತದ. ಮತ್ತ..." ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅಜ್ಜಾರ ಇನ್ನ ಬರಿಯೂದಿಲ್ಲ. ಅದೂ ಬೆಲ್ಯಾಗ ಸೇರತದ."

ಕಾರು ಹೋಯಿತು. ಅಂದಿನಿಂದ ಮನೆಯಲ್ಲಿ ಅನ್ನ ಮೈಗೆ ಹತ್ತಲಿಲ್ಲ.

ಸಾಬವ್ವ ಮೊದಲ ವಾರ ಮಾತು ಬಿಟ್ಟಳು. ಸೊಸೆ ನೀಡಿದ್ದನ್ನು ಉಣ್ಣದೆ ತಾನೇ ಎದ್ದು ನೀಡಿಕೊಳ್ಳುತ್ತಿದ್ದಳು. ಎರಡನೆಯ ವಾರ ಬಾಯಿ ಬಿಟ್ಟಳು.

"ಗ್ವಾಡಿ ಮ್ಯಾಲಿನಾಕಿ ನೀರು ಕೇಳೂದಿಲ್ಲ, ರೊಟ್ಟಿ ಕೇಳೂದಿಲ್ಲ. ಇಂವ ಕೇಳತಾನ. ಯಾರು ಹೆಚ್ಚು ನಿನಗ?"

"ಅತ್ತಿ, ನಾ ಮಾವಗ ಬ್ಯಾಡ ಅಂದೇನೇನು?"

"ಅಂದಂಗೇ ಆತಲ್ಲ! ನಿನ್ನವ್ವ ಸತ್ತಾಗ ನದಿ ಹಾದು ಬಂದ ಕಣ್ಣು ಇವು. ಎದಿಮಟ ನೀರು. ನೀ ಕೂಸಿದ್ದಿ, ನಿನಗೇನು ಗೊತ್ತು?"

ದ್ರೌಪದಿ ಕೊಡ ಎತ್ತಿಕೊಂಡು ನಳಕ್ಕೆ ಹೋದಳು. ನಳದಲ್ಲಿ ನೆರೆಮನೆಯ ಹಜರಾಬಿ, "ಏನ್ ಬೇ ದುರಪದಿ, ನಿಮ್ಮವ್ವ ಎರಡು ಸಾವಿರಕ್ಕ ಹೋದ್ಲಂತ? ನಮ್ಮತ್ತೀನ್ನ ನೂರಕ್ಕ ಒಯ್ತಾರೇನು ಕೇಳು, ಜಿಂದಾ ಅದಾಳ, ನಡದೇ ಬರ್ತಾಳ" ಎಂದು ನಗಿಸಲು ನೋಡಿದಳು. ದ್ರೌಪದಿಗೆ ನಗು ಅರ್ಧಕ್ಕೇ ನಿಂತಿತು.

ಗಂಡನ ಮಾತು ಅತ್ತೆಯದಕ್ಕಿಂತ ಹೆಚ್ಚು ನೋಯಿಸಿತು. ಪುಣೆಯಿಂದ ಕಾಗದ ಬಂದಿತ್ತು, ಪ್ರಮಿಲಾ ಓದಿದಳು. ಮೂರು ಸಾವಿರ ಎಂದಿತ್ತು. ಧರ್ಮಣ್ಣ ಉಣ್ಣುತ್ತಿದ್ದವನು ತುತ್ತು ಹಿಡಿದೇ ಹಿಗ್ಗಿದ.

"ಶಾಣ್ಯಾಕಿ ಅದೀ ಬಿಡು. ನಾ ಚೀಲ ತುಂಬಿ ತಂದು ದರ ಕೆಡಿಸಿದೆ, ನೀ ಇಲ್ಲ ಇಲ್ಲ ಅಂದು ಏರಿಸಿದಿ. ಇನ್ನೊಮ್ಮೆ ಇಲ್ಲನ್ನು."

"ನಾ ದರ ಮಾಡಾಕತ್ತಿಲ್ಲರಿ."

"ಹಾಂಗೇ ಅನ್ನಬೇಕು. ಮಾರಿ ಮ್ಯಾಲೂ ಹಾಂಗೇ ಇರಬೇಕು."

"ಖರೇನೇ ಮಾಡಾಕತ್ತಿಲ್ಲ!" ದ್ರೌಪದಿ ಸಾರಿನ ಸೌಟನ್ನು ಗಂಗಾಳದಲ್ಲಿ ಬಿಟ್ಟೇ ಎದ್ದು ಹೋದಳು. ಹಿತ್ತಲಲ್ಲಿ ಬಾನಿಯ ದಂಡೆ ಹಿಡಿದು ನಿಂತಳು. ಇಲ್ಲ ಎಂದರೆ ಬೆಲೆ ಏರುತ್ತದೆ, ಹೌದು ಎಂದರೆ ಅವ್ವ ಹೋಗುತ್ತಾಳೆ. ಸುಮ್ಮನಿದ್ದರೂ ಅದೂ ಒಂದು ಲೆಕ್ಕಕ್ಕೆ ಬರುತ್ತದೆ. ಅವಳ ಯಾವ ಮಾತಿಗೂ ಅವಳ ಅರ್ಥ ಉಳಿದಿರಲಿಲ್ಲ.

ಈ ಎಲ್ಲದರ ನಡುವೆ ದತ್ತಪ್ಪ ನೀಡಿದ್ದನ್ನು ಉಂಡು, ಗೋಡೆ ಸವರುತ್ತ ಕಟ್ಟೆಗೆ ಹೋಗಿ ಕೂಡುತ್ತಿದ್ದ. ಬಿಸಿಲು ಸರಿದ ಕಡೆ ಮೈ ಸರಿಸುತ್ತ ಕೂತು, ಯಾವ ಬಸ್ಸು ಬಂತೆಂದು ಸದ್ದಿನಿಂದ ಹೇಳುತ್ತಿದ್ದ.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ, ದ್ರೌಪದಿ ಒಬ್ಬಳೇ ಇದ್ದಾಗ, ಅವನು ಗೋಡೆ ಹಿಡಿದುಕೊಂಡು ಅಡುಗೆ ಕೋಣೆಗೆ ಬಂದ. ಬಂದು ಕಾಶಿಬಾಯಿಯ ಪಟದ ಎದುರಿಗೇ, ಒಂದು ಮೊಳದ ಅಂತರಕ್ಕೆ ನಿಂತ. ಮುಖ ಅತ್ತ ಇತ್ತ ತಿರುಗಿಸಿದ.

"ಯವ್ವಾ, ಕಾಶಿಬಾಯಿ ಅದಾಳೇನು, ಇಲ್ಲಾ ಕೊಟ್ಟುಬಿಟ್ಟಿ?"

ದ್ರೌಪದಿಯ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

"ಅದಾಳ್ರಿ ಮಾವಾ."

"ಇರ್ಲಿ, ಇರ್ಲಿ. ಕೊಡಬ್ಯಾಡ. ನನಗ ಕಟ್ಟಿ ತನಕ ದಾರಿ ಗೊತ್ತದ, ಅಷ್ಟ ಸಾಕು" ಎಂದು, ಬಂದ ಗೋಡೆಯನ್ನೇ ಹಿಡಿದುಕೊಂಡು ತಿರುಗಿ ಹೋದ.

ಅವಳು ಆ ಸಂಜೆ ಪ್ರಮಿಲಾಳನ್ನು ಕೂಡಿಸಿ ಪುಣೆಗೆ ಕಾಗದ ಬರೆಸಿದಳು.

ಸುಲಭಾ ಎಂಟು ದಿನಕ್ಕೆ ಬಂದಳು. ನಾಲ್ಕು ಸಾವಿರ ಎಂದು ತಾನೇ ಅಂದಳು. ಸಾಬವ್ವ ಚಹಾ ಮಾಡಿದಳು. ಆ ಮನೆಯಲ್ಲಿ ಬಹಳ ದಿನದ ಮೇಲೆ ಸಕ್ಕರೆ ಬಿದ್ದ ಚಹಾ. ದ್ರೌಪದಿ ಗೋಡೆಯಿಂದ ಅವ್ವನನ್ನು ಇಳಿಸಿ, ಹಸಿ ಅರಿವೆ ಹಿಂಡಿ ತಂದಳು.

"ಏನ್ ಮಾಡ್ತೀರಿ?"

"ಮೈ ಒರಸಿ ಕಳಸ್ತೇನಿ. ಹದಿನೈದು ವರ್ಷದ ಹೊಗಿ ಅದ."

"ಬ್ಯಾಡ!" ಎಂದು ಸುಲಭಾ ಕೈ ಹಿಡಿದುಬಿಟ್ಟಳು. "ಮುಟ್ಟಬ್ಯಾಡ್ರಿ. ಆ ಹೊಗಿ, ಆ ಕುಂಕುಮ, ಎಲ್ಲಾ ಹಾಂಗೇ ಇರ್ಲಿ. ತೊಳದ್ರ ಅರ್ಧ ಬೆಲೆ."

ದ್ರೌಪದಿ ಅರಿವೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಉಟ್ಟ ಸೀರೆಗೆ ನೀರು ಇಳಿಯಿತು.

"ಬಾಯಾರ, ಒಂದು ಕೇಳ್ತೇನಿ. ಮಾವನ ಕಣ್ಣು ಬಂದ ಮ್ಯಾಲೆ, ನನಗ ಇಂಥಾದ್ದೇ ಇನ್ನೊಂದು ಬರಕೊಟ್ರ ನಡೀತದಲ್ಲರಿ?"

ನಡೆಯುವುದಿಲ್ಲ ಎನ್ನುವುದನ್ನು ಸುಲಭಾ ಹೇಳದೆ ಹೋಗಬಹುದಿತ್ತು. ಆಕೆ ಹೇಳಿದಳು, ಅಷ್ಟರ ಮಟ್ಟಿಗೆ ಒಳ್ಳೆಯವಳು.

"ಇದು ಒಂದೇ ಅಂತನೇ ನಾಲ್ಕು ಸಾವಿರ, ತಾಯಿ. ಎರಡಾದ್ರ ನಾ ಎರಡು ಸಾವಿರಾನೂ ಕೊಡಲಾರೆ. ನನ್ನ ಕಡೆಯಿಂದ ತಗೊಳ್ಳವರಿಗೆ, ಇನ್ನೊಂದಿಲ್ಲ ಅಂತ ನಾ ಬರಕೊಡಬೇಕಾಗ್ತದ. ಕಾಶಿಬಾಯಿ ಮುಖ ಅಜ್ಜಾರ ಇನ್ನೊಮ್ಮೆ ಬರಿಯೂದಿಲ್ಲಂತ ನೀವು ನನಗ ಮಾತು ಕೊಡಬೇಕು."

ಎರಡು ಸಾವಿರಕ್ಕೆ ಸೊಲ್ಲಾಪುರ ಆಗುತ್ತಿರಲಿಲ್ಲ. ದ್ರೌಪದಿ ಪಡಸಾಲೆಯ ಕಡೆ ನೋಡಿದಳು. ದತ್ತಪ್ಪ ಚಹಾದ ಬಟ್ಟಲನ್ನು ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿದ್ದ. ಬಟ್ಟಲು ಅವನ ಮೊಣಕಾಲ ಹತ್ತಿರವೇ ಇತ್ತು.

"ಕೊಟ್ಟೇನ್ರಿ" ಎಂದಳು.

ಪಟವನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿದರು.

ಸೊಲ್ಲಾಪುರದಲ್ಲಿ ಹನ್ನೆರಡು ದಿನ. ಸಾಬವ್ವ ಜೊತೆಗಿದ್ದಳು; ಧರ್ಮಣ್ಣ ಬುತ್ತಿ ಹೊತ್ತು ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಎಡಗಣ್ಣು ಪೂರಾ ಬಂತು, ಬಲಗಣ್ಣು ಅರ್ಧ ಬಂತು. ದಪ್ಪ ಗಾಜಿನ ಚಷ್ಮಾ ಹಾಕಿಕೊಂಡು ದತ್ತಪ್ಪ ಬಸ್ಸಿನಿಂದ ಇಳಿದವನು, ಕಂಡಿದ್ದನ್ನೆಲ್ಲ ಹೇಳುತ್ತ ಬಂದ. ಹಣಮಂತರಾಯ ಹಲ್ಲು ಕಳೆದುಕೊಂಡಿದ್ದಾನೆ, ಬೇವಿನ ಗಿಡ ಕಡಿದಿದ್ದಾರೆ, ಪ್ರಮಿಲಾ ಇಷ್ಟು ಎತ್ತರ ಯಾವಾಗ ಆದಳು. ಸೊಸೆಯ ಮುಂದೆ ಬಂದು ಚಷ್ಮಾ ಸರಿಮಾಡಿಕೊಂಡ.

"ತಲ್ಯಾಗ ಬಿಳಿ ಬಂದಾವಲ್ಲ ಯವ್ವಾ" ಎಂದ.

"ನಾಲ್ಕು ವರ್ಷ ಆತಲ್ಲರಿ ಮಾವಾ. ಕಾಲು ತೊಳಕೊಂಡು ಬರ್ರಿ, ಊಟಕ್ಕ ನೀಡ್ತೇನಿ."

ಮಿಕ್ಕ ಐನೂರರಲ್ಲಿ ಧರ್ಮಣ್ಣ ತಗಡಿನ ತೂತು ಮುಚ್ಚಿಸಿದ, ಸಾಬವ್ವ ಒಂದು ಚೀಲ ಜೋಳ ತರಿಸಿದಳು. ಸೊಸೆ ನೀಡಿದ್ದನ್ನು ಈಗ ಉಣ್ಣುತ್ತಿದ್ದಳು. ಸಾರಿಗೆ ಉಪ್ಪು ಜಾಸ್ತಿಯಾದರೂ ಏನೂ ಅನ್ನುತ್ತಿರಲಿಲ್ಲ. ಅದೇ ದ್ರೌಪದಿಗೆ ಕಷ್ಟವಾಗುತ್ತಿತ್ತು.

ತಿಂಗಳಾದ ಮೇಲೆ ಒಂದು ಬೆಳಗ್ಗೆ ದತ್ತಪ್ಪ ಹಳೆಯ ಪೆಟ್ಟಿಗೆ ತೆಗೆದು, ಒಣಗಿದ ಬಣ್ಣಗಳನ್ನು ತೇಯ್ದು ಹದ ಮಾಡಿ, ಒಂದು ಹಲಗೆ ಒರೆಸಿಟ್ಟುಕೊಂಡು ಕರೆದ.

"ದ್ರೌಪದಿ, ಬಾ ಇಲ್ಲಿ. ಕೂಡು. ನಿನ್ನ ಮಾರಿಯಿಂದಲೇ ತೆಗದಿದ್ದೆ, ತಿರುಗಿ ಅಲ್ಲಿಂದಲೇ ತೆಗೀತೇನಿ. ನಾಲ್ಕು ದಿನದ ಕೆಲಸ."

ದ್ರೌಪದಿ ಒಲೆಯ ಮುಂದಿನಿಂದ ಏಳಲಿಲ್ಲ. "ಬ್ಯಾಡ್ರಿ ಮಾವಾ."

"ಯಾಕ?"

"ಮಾತು ಕೊಟ್ಟೇನಿ."

ಸಾಬವ್ವನಿಗೆ ತಡೆಯಲಿಲ್ಲ. ಪಡಸಾಲೆಯಿಂದ ಎದ್ದೇ ಬಂದಳು. "ಹುಚ್ಚಿ! ಪುಣೆಯಿಂದ ಯಾರು ಬಂದು ನಮ್ಮ ಅಡಗಿಮನಿ ನೋಡ್ತಾರ? ಬರಸ್ಕೋ. ಒಳಗ ಇಟ್ಕೋ. ಅಕೀನ್ನ ಕೊಡಸಿದಾಕಿ ನಾನು, ನಾನೇ ಹೇಳಾಕತ್ತೇನಿ."

"ಅವರು ರೊಕ್ಕಾ ಕೊಟ್ಟಿದ್ದು ಸೀರೀಗಲ್ಲ, ಬಣ್ಣಕ್ಕಲ್ಲ ಅತ್ತಿ. ಇನ್ನೊಂದಿಲ್ಲ ಅನ್ನೂದಕ್ಕ ಕೊಟ್ಟಾರ. ಆ ರೊಕ್ಕದಾಗೇ ಮಾವನ ಕಣ್ಣು ಬಂದದ. ಆ ಕಣ್ಣಿಲೆ ಇನ್ನೊಂದು ಬರದ್ರ, ನಾ ಕೊಟ್ಟಿದ್ದೇನಾತು?"

ಸಾಬವ್ವ ಬಾಗಿಲಿಗೆ ಒರಗಿ ನಿಂತಳು. ಹೊರಗೆ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಧರ್ಮಣ್ಣ ಒಂದು ಕಾಲಿನ ಚಪ್ಪಲಿ ಹಿಡಿದೇ ನಿಂತಿದ್ದ. ತನ್ನ ಹೆಂಡತಿ ಅಂದು ದರ ಮಾಡಲಿಲ್ಲ ಎನ್ನುವುದು ಅವನಿಗೆ ಆಗ ತಿಳಿಯಿತೋ ಏನೋ, ಅದನ್ನೂ ಮೆಟ್ಟಿಕೊಂಡು ಅಡತಿಗೆ ಹೋದ.

"ಹಂಗಾದ್ರ ನಿನ್ನ ಬರೀಲೇನು? ನಿನ್ನ ಯಾರೂ ಕೊಂಡಿಲ್ಲ" ಎಂದ ದತ್ತಪ್ಪ. ಅಂದವನು ತಾನೇ ತಲೆ ಅಲ್ಲಾಡಿಸಿದ. "ಇಲ್ಲ, ಇಲ್ಲ. ಇದ್ದವರನ್ನ ನಾ ಬರಿಯೂದಿಲ್ಲ. ನನಗೂ ಒಂದು ಮಾತು ಅದ."

ಕುಂಚವನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟ. ಬಣ್ಣ ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಂಡಿತು. ಅದನ್ನೇ ನೋಡುತ್ತ, "ಮಣ್ಣೂರಾಗ ಅದಕ್ಕ ನನಗ ನಾಲ್ಕು ಸೇರು ಜೋಳ ಕೊಟ್ಟಿದ್ರು. ಬಹಳ ಕೊಟ್ರು ಅನಿಸಿತ್ತು" ಎಂದ.

ದ್ರೌಪದಿ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಕೈಯ ಹಿಟ್ಟು ಝಾಡಿಸಿ ಎದ್ದು ಬಂದು, ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಮಾವನ ಎದುರಿಗೆ ಮೊಣಕಾಲು ಮಡಚಿ ಕೂತಳು. ಸೆರಗು ಹಿಂದಕ್ಕೆ ಸರಿಸಿ, ಮುಖ ಕಿಟಕಿಯ ಬೆಳಕಿಗೆ ಕೊಟ್ಟಳು.

"ನೋಡ್ರಿ ಮಾವಾ. ಬರೀಬ್ಯಾಡ್ರಿ, ಬರೇ ನೋಡ್ರಿ."

ದತ್ತಪ್ಪ ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡ. ಸತ್ತವರ ಮನೆಗಳಲ್ಲಿ ಮಕ್ಕಳ ಮುಂದೆ ಕೂತು ನೋಡುತ್ತಿದ್ದಂತೆ, ಆತುರವಿಲ್ಲದೆ, ಹಣೆಯಿಂದ ಗದ್ದದವರೆಗೆ ನೋಡಿದ. ಸಾಬವ್ವ ಬಾಗಿಲಲ್ಲಿ ನಿಂತೇ ಇದ್ದಳು. ಹೊರಗೆ ಅಫಜಲಪುರದ ಬಸ್ಸು ಬಂದು ನಿಂತು, ಮಂದಿ ಇಳಿದು, ಹೋಯಿತು.

"ನಮ್ಮವ್ವ ಹ್ಯಾಂಗ ಕಾಣತಾಳ್ರಿ?" ಎಂದು ಕೇಳಿದಳು ದ್ರೌಪದಿ.

"ದಣಿದಾಳವ್ವಾ" ಎಂದ ಮುದುಕ. "ಬಹಳ ದಣಿದಾಳ."

ಅವಳು ಸೆರಗು ತಲೆಗೆ ಎಳೆದುಕೊಂಡು, ನೆಲಕ್ಕೆ ಕೈ ಊರಿ ಎದ್ದಳು. ಇನ್ನೂ ಆರು ರೊಟ್ಟಿ ಬಡಿಯುವುದಿತ್ತು.